ಅಪ್‌ಡೇಟ್: ಪದ್ಮಿನಿ ಮಾರಲಿಲ್ಲ, ಎಂಜಿನ್ ಬಿಚ್ಚಿಸಿದೆವು

ಅಪ್ಪನ 1982ರ ಪ್ರೀಮಿಯರ್ ಪದ್ಮಿನಿ ನೀಲಿ ಹೊಗೆ ಬಿಡುತ್ತಿದೆ, ಎಂಜಿನ್ನೇ ಬದಲಿಸಬೇಕಂತೆ, ರಿಪೇರಿ ಮಾಡಿಸಲೋ ಮಾರಲೋ ಅಂತ ಕುಂಬಳೆಯಿಂದ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಗಾಡಿ ಮನೆಯಲ್ಲೇ ಉಳಿಯಿತು.

"ಬಿಚ್ಚಿ ನೋಡದೆ ತೀರ್ಮಾನ ಮಾಡ್ಬೇಡಿ" ಅಂತ ಒಬ್ಬರು ಹೇಳಿದ್ದರಲ್ಲ, ಅದೇ ಸರಿ ಅನ್ನಿಸಿತು. ಮಂಗಳೂರಿನ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಹೆಡ್, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ, ತೆಗೆಸಿದೆವು. ಸಿಲಿಂಡರಿನ ಮೇಲ್ತುದಿಯಲ್ಲಿ ಉಗುರು ಆಡಿಸಿ ನೋಡಿ ಅಂದರು. ಟಕ್ ಅಂತ ಸಿಕ್ಕಿಕೊಂಡಿತು. ಪಿಸ್ಟನ್ನಿನ ಸುತ್ತಲಿನ ರಿಂಗ್ ಉಜ್ಜಿ ಉಜ್ಜಿ ಕೆಳಗೆಲ್ಲ ಸವೆದಿದೆ, ರಿಂಗ್ ಮುಟ್ಟದ ಅಂಚು ಮಾತ್ರ ಹಾಗೇ ಇದೆ. ಆಯಿಲ್ ಮೇಲೆ ಬಂದು ಸುಡುತ್ತಿದ್ದದ್ದು ಅದಕ್ಕೇ. ಆದರೆ ಸಿಲಿಂಡರುಗಳಿರುವ ಬ್ಲಾಕಿನಲ್ಲಿ ಒಂದೂ ಬಿರುಕಿಲ್ಲ!

ಹಾಗಾಗಿ ಅದೇ 1089 ಸಿಸಿ ಎಂಜಿನ್ನಿಗೆ ಬೋರ್ ಮಾಡಿಸಿ (ಸವೆದ ಸಿಲಿಂಡರನ್ನು ಸ್ವಲ್ಪ ಅಗಲಕ್ಕೆ ಕೊರೆಸಿ), ಅದಕ್ಕೆ ಹೊಂದುವ ಓವರ್‌ಸೈಜ್ ಪಿಸ್ಟನ್, ಹೊಸ ರಿಂಗ್, ಬೇರಿಂಗ್ ಹಾಕಿಸಿದೆವು. ಬೇರೆ ಎಂಜಿನ್ ಕೂರಿಸಿದ್ದರೆ ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಿಸಲು ಆರ್‌ಟಿಒ ಆಫೀಸಿಗೆ ಅಲೆಯಬೇಕಿತ್ತು. ಡೀಸೆಲ್ ಎಂಜಿನ್ ಕೂರಿಸಿ ಅಂತ ಬಂದಿದ್ದ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ಭಾರ ಜಾಸ್ತಿ, ಗಾಡಿಯ ಸದ್ದೇ ಬೇರೆಯಾಗುತ್ತದೆ.

ಮಾರಲು ಹೋದರೆ ಗುಜರಿ ರೇಟು ಹೇಳುತ್ತಿದ್ದರು. ರಿಪೇರಿಗೆ ಅದಕ್ಕಿಂತ ಜಾಸ್ತಿಯೇ ಆಯಿತು, ಬೇಜಾರಿಲ್ಲ. 1984ರಲ್ಲಿ ಕಾಸರಗೋಡು ಜಿಲ್ಲೆಯಾಗುವ ಮೊದಲೇ ನಮ್ಮ ಅಂಗಳಕ್ಕೆ ಬಂದ ಗಾಡಿ ಅಲ್ವಾ.

ಈಗ ರನ್ನಿಂಗ್-ಇನ್, ಅಂದರೆ ಹೊಸ ಭಾಗಗಳು ಹೊಂದಿಕೊಳ್ಳುವ ತನಕ ನಿಧಾನವಾಗಿ ಓಡಿಸುತ್ತಿದ್ದೇನೆ. ಕಡಲ ಗಾಳಿಗೆ ನೆಲದ ತಗಡು ತುಕ್ಕು ಹಿಡಿದಿದೆ. ಮಳೆಗಾಲಕ್ಕೆ ಮುಂಚೆ ಅದನ್ನು ಮಾಡಿಸಬೇಕು. ಕುಂಬಳೆ, ಮಂಜೇಶ್ವರ ಕಡೆ ಒಳ್ಳೆ ಟಿಂಕರಿಂಗ್ ಕೆಲಸದವರು ಇದ್ದರೆ ತಿಳಿಸಿ.