ಸಹಾಯ ಬೇಕು: ಅವ್ವನ ಸೋರಿಯಾಸಿಸ್, ಈಗ ಬೆರಳಿಗೂ ಬಾವು

ನಮಸ್ಕಾರ, ಧಾರವಾಡದಿಂದ ಬರೆಯುತ್ತಿದ್ದೇನೆ. ನಮ್ಮ ಅವ್ವನಿಗೆ 8 ವರ್ಷದಿಂದ ಮೊಣಕೈ, ತಲೆಯಲ್ಲಿ ಸೋರಿಯಾಸಿಸ್ (ಚರ್ಮ ಕೆಂಪಾಗಿ ಹೊಟ್ಟು ಏಳುವ ಕಾಯಿಲೆ) ಇದೆ. ಮುಲಾಮು ಹಚ್ಚಿಕೊಂಡು ಸುಮ್ನಿದ್ದಳು. ದೀಪಾವಳಿ ಆದಮೇಲೆ ಬಲಗೈ ನಡುಬೆರಳು ಬುಡದಿಂದ ತುದಿವರೆಗೂ ಬಾತಿದೆ. ಬೆಳಿಗ್ಗೆ ಎದ್ದು ಒಂದು ತಾಸು ಮುಷ್ಟಿ ಕಟ್ಟಲಿಕ್ಕೆ ಆಗುವುದಿಲ್ಲ. ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಕುಳಿಗಳು. ದಿನಾ ರೊಟ್ಟಿ ಬಡಿಯುತ್ತಿದ್ದ ಕೈ ಅದು. ಈಗ ಹಿಟ್ಟಿನ ಬುಟ್ಟಿ ನನ್ನ ಮುಂದೆ ಸರಿಸುತ್ತಾಳೆ. (ನನ್ನ ರೊಟ್ಟಿ ಇನ್ನೂ ಗುಂಡಗೆ ಬರುತ್ತಿಲ್ಲ, ಇರಲಿ.)

ಆರ್‌ಎ ಫ್ಯಾಕ್ಟರ್ (ಕೀಲುವಾತಕ್ಕೆ ಮಾಡಿಸುವ ರಕ್ತ ಪರೀಕ್ಷೆ) ನೆಗೆಟಿವ್ ಬಂತು. ಒಬ್ಬ ಡಾಕ್ಟರು ವಾತ ಅಲ್ಲ ಅಂದು ನೋವಿನ ಗುಳಿಗೆ ಕೊಟ್ಟು ಕಳಿಸಿದರು. ಆದರೆ ಸೋರಿಯಾಸಿಸ್ ಜೊತೆ ಬರುವ ಕೀಲುಬಾವಿನಲ್ಲಿ ಅದು ಹೆಚ್ಚಾಗಿ ನೆಗೆಟಿವ್ವೇ ಇರುತ್ತದೆ, ಅಲ್ವಾ? ಚರ್ಮದ ಡಾಕ್ಟರು ಬೇರೆ ಮಾತು ಹೇಳಿದರು. ಕೆರೆದು ಒಡೆದ ಚರ್ಮದಲ್ಲಿ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಜಾಸ್ತಿಯಾಗಿ ರೋಗನಿರೋಧಕ ಶಕ್ತಿಯನ್ನು ಕೆಣಕಬಹುದಂತೆ. ಕೀಲಿಗೂ ಅದಕ್ಕೂ ನಂಟಿದೆ ಅನ್ನುವುದು ಇನ್ನೂ ಪೂರ್ತಿ ಸಾಬೀತಾಗಿಲ್ಲ, ಹಾಗಾಗಿ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ ಅಂದರು.

ಹುಬ್ಬಳ್ಳಿ-ಧಾರವಾಡದಲ್ಲಿ ಒಳ್ಳೆಯ ರುಮಟಾಲಜಿಸ್ಟ್ (ಕೀಲುವಾತದ ಡಾಕ್ಟರು) ಯಾರಿದ್ದಾರೆ? ಈ ಕೀಲುಬಾವಿಗೆ ಕೊಡುವ ಮೆಥೊಟ್ರೆಕ್ಸೇಟ್ ಔಷಧಿ ತಗೊಂಡವರು ಇದ್ದರೆ, ಲಿವರ್ ಟೆಸ್ಟ್ ಎಷ್ಟು ದಿನಕ್ಕೊಮ್ಮೆ ಮಾಡಿಸಿದಿರಿ ಹೇಳಿ. ಎಣ್ಣೆ, ಲೇಪದ ಸಲಹೆ ಸದ್ಯಕ್ಕೆ ಬೇಡ, ಓಣಿಯವರೇ ಸಾಕಷ್ಟು ಕೊಟ್ಟಿದ್ದಾರೆ.