ತಲೆ ತಿರುಗಿದ್ದು ಕಿವಿಯಿಂದ ಅಂದ್ರು, ಡಾಕ್ಟರು ನೋಡಿದ್ದು ಮಾತ್ರ ಕಣ್ಣು. ಯಾಕೆ?

ಘಟ್ಟದಮೇಲಿನವ, ಶಿರಸಿ:

ನಮ್ಮ ಆಯಿಗೆ 68 ವರ್ಷ. ಹೋದ ವಾರ ಬೆಳಿಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದ್ದೇ ತಡ, ಮಾಡಿನ ಪಕಾಸಿಯೆಲ್ಲ ಗಿರ್ರನೆ ತಿರುಗಿತಂತೆ. ಅರ್ಧ ನಿಮಿಷದಲ್ಲಿ ನಿಂತಿತು. ಎದ್ದು ಕೂತರೆ ಮತ್ತೆ ಅದೇ. ಬಿ.ಪಿ. ಇರಬೇಕು ಅಂತ ಒಬ್ಬರು, ಪಿತ್ತ ಅಂತ ಇನ್ನೊಬ್ಬರು, ಅತ್ತೆಯಂತೂ ಮುರುಗಲು ಪಾನಕ ಮಾಡಿಕೊಂಡೇ ಬಂದರು.

ಕಡೆಗೆ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕಿವಿಯನ್ನು ಸರಿಯಾಗಿ ಹತ್ತು ಸೆಕೆಂಡೂ ನೋಡಲಿಲ್ಲ. ಆಯಿಯನ್ನು ಮಂಚದ ಮೇಲೆ ಕೂರಿಸಿ, ತಲೆ ಬಲಕ್ಕೆ ತಿರುಗಿಸಿ, ದಡಕ್ಕನೆ ಹಿಂದಕ್ಕೆ ಮಲಗಿಸಿ, ಅವಳ ಕಣ್ಣನ್ನೇ ನೋಡುತ್ತ ನಿಂತರು. ನಾನೂ ಬಗ್ಗಿ ನೋಡಿದೆ. ಎರಡು ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆ ತಿರುಚಿಕೊಳ್ಳುತ್ತ ಮೇಲಕ್ಕೆ ಮೇಲಕ್ಕೆ ಹಾರತೊಡಗಿತು, ನನಗಂತೂ ಎದೆ ಝಲ್ ಅಂತು. ಡಾಕ್ಟರು ಆರಾಮಾಗಿ "ಬಲಗಿವಿ, ಹಿಂದಿನ ನಾಳ" ಅಂದರು. ತಲೆಯನ್ನು ನಾಲ್ಕು ಭಂಗಿಯಲ್ಲಿ ತಿರುಗಿಸಿ ಎಬ್ಬಿಸಿದರು. ಆಯಿ ಈಗ ಆರಾಮು.

ಕಣ್ಣು ನೋಡಿ ಕಿವಿಯ ಯಾವ ನಾಳ ಅಂತ ಹೇಗೆ ಹೇಳುತ್ತಾರೆ? ಇದೇನು ಕವಡೆ ಶಾಸ್ತ್ರವಾ? ಹೊರಗೆ ಕ್ಯೂ ಇತ್ತು, ಕೇಳೋಕೆ ಆಗಲಿಲ್ಲ. ಗೊತ್ತಿದ್ದವರು ಹೇಳಿ.

ಕಿವಿಹಿಂಡಿ, ಕುಮಟಾ:

ಕವಡೆ ಅಲ್ಲ ಮಾರಾಯ್ರೆ. ಬ್ಯಾಲೆನ್ಸ್ ತಪ್ಪಿದವರಿಗೆ ವ್ಯಾಯಾಮ ಹೇಳಿಕೊಡೋದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಬೆರಳನ್ನು ಕಣ್ಣ ಮುಂದೆ ಹಿಡಿದು ಬೇಗ ಬೇಗ ಆಡಿಸಿ. ಮಸುಕಾಗುತ್ತದೆ ಅಲ್ವಾ? ಈಗ ಬೆರಳು ಸುಮ್ನೆ ಇರಲಿ, ತಲೆಯನ್ನು ಅಷ್ಟೇ ಬೇಗ ಅಡ್ಡಡ್ಡ ಆಡಿಸಿ. ಬೆರಳಿನ ಗೆರೆ ಕೂಡ ಕಾಣುತ್ತದೆ. ಎರಡನೇ ಸಲ ಕಣ್ಣನ್ನು ಓಡಿಸಿದ್ದು ಕಿವಿ. ಕಣ್ಣು ತಾನೇ ನೋಡಿ ಬೆನ್ನು ಹತ್ತಬೇಕೆಂದರೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಕಿವಿಯ ಸುದ್ದಿಗೆ ನೂರನೇ ಒಂದು ಭಾಗ ಸಾಕು, ಯಾಕೆಂದರೆ ಕಿವಿಯಿಂದ ಕಣ್ಣಿನ ಸ್ನಾಯುವಿಗೆ ನಡುವೆ ಬರೀ ಮೂರು ನರಕೋಶದ ದಾರಿ.

ಒಂದೊಂದು ಕಿವಿಯೊಳಗೂ ಮೂರು ಅರ್ಧವೃತ್ತ ನಾಳ ಇವೆ, ಒಂದಕ್ಕೊಂದು ಹೆಚ್ಚುಕಮ್ಮಿ ಲಂಬಕೋನದಲ್ಲಿ. ಒಳಗೆ ನೀರು. ತಲೆ ತಿರುಗಿದಾಗ ನಾಳ ತಿರುಗುತ್ತದೆ, ನೀರು ಹಿಂದೆ ಉಳಿಯುತ್ತದೆ, ನಾಳಕ್ಕೆ ಅಡ್ಡ ಇರುವ ಲೋಳೆಯ ಪರದೆ ಬಾಗುತ್ತದೆ. ಇನ್ನು ಕಣ್ಣು. ಒಂದೊಂದು ಕಣ್ಣಿಗೆ ಆರು ಸ್ನಾಯು, ಅಂದರೆ ಮೂರು ಜೋಡಿ. ಮೂರು ನಾಳಕ್ಕೆ ಮೂರು ಜೋಡಿ! ಯಾವ ನಾಳ ಕೆರಳುತ್ತದೋ ಕಣ್ಣು ಆ ನಾಳದ ಸಮತಲದಲ್ಲೇ ಓಡುತ್ತದೆ. ಹಿಂದಿನ ನಾಳದ ತಂತಿ ಹೋಗೋದು ಕಣ್ಣನ್ನು ಕೆಳಕ್ಕೆ ಎಳೆದು ತಿರುಚುವ ಸ್ನಾಯುಗಳಿಗೆ. ಆಯಿಯ ಕಣ್ಣು ನಿಧಾನ ಕೆಳಕ್ಕೆ ಜಾರುತ್ತಿತ್ತು, ನಿಮಗೆ ಕಂಡ ಹಾರಿಕೆ ಮೆದುಳು ಅದನ್ನು ವಾಪಸ್ ಎಳೆದದ್ದು. ಇದಕ್ಕೆ ನಿಸ್ಟಾಗ್ಮಸ್ ಅನ್ನುತ್ತಾರೆ. ಆ ಮಲಗಿಸಿ ನೋಡುವ ಪರೀಕ್ಷೆ 1952ರದ್ದು, ಡಿಕ್ಸ್ ಮತ್ತು ಹಾಲ್‌ಪೈಕ್ ಬರೆದದ್ದು. ಆಮೇಲೆ ತಲೆ ತಿರುಗಿಸಿ ಎಬ್ಬಿಸಿದ್ದು ಎಪ್ಲಿ ಅನ್ನುವವರ ವಿಧಾನ.

ಬೈತ್‌ಕೋಲ್_ದಕ್ಕೆ, ಕಾರವಾರ:

ಎಲ್ಲ ಸರಿ, ಆದರೆ ಆ ನಾಳಕ್ಕೆ ಏನಾಗಿತ್ತು ಅಂತ ಹೇಳಲೇ ಇಲ್ಲವಲ್ಲ? ಮತ್ತೆ ನೀವು ತಿರುಗೋದನ್ನು ಮಾತ್ರ ಹೇಳಿದಿರಿ. ಬೋಟಿನಲ್ಲಿ ಜಾಸ್ತಿ ಕಾಡೋದು ಏರೋದು ಇಳಿಯೋದು. ಹೊಸ ಹುಡುಗರು ಕ್ಯಾಬಿನ್ನಲ್ಲಿ ಮುದುರಿ ಕೂತರೆ ವಾಂತಿ ಗ್ಯಾರಂಟಿ. ಹೊರಗೆ ಬಂದು ಕೂರ್ಮಗಡ ದ್ವೀಪ ನೋಡ್ತಾ ನಿಲ್ಲು ಅಂತ ಹಳಬರು ಬೈಯುತ್ತಾರೆ, ನಿಂತರೆ ತಡೆಯುತ್ತದೆ. ಅದು ಯಾವ ನಾಳ?

ಕಿವಿಹಿಂಡಿ, ಕುಮಟಾ:

ಅಣ್ಣ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಅದು ನಾಳ ಅಲ್ಲ. ನಾಳಗಳ ಬುಡದಲ್ಲಿ ಎರಡು ಸಣ್ಣ ಚೀಲ ಇವೆ, ಯೂಟ್ರಿಕಲ್ ಮತ್ತು ಸ್ಯಾಕ್ಯೂಲ್. ಅವುಗಳ ಲೋಳೆಯ ಮೇಲೆ ಸುಣ್ಣದ ಹರಳು ಕೂತಿರುತ್ತವೆ. ತಲೆ ವಾಲಿದರೆ ಹರಳು ಜಾರಿ, ಕೆಳಗೆ ಸುದ್ದಿ ಹಿಡಿಯುವ ಕೋಶಗಳ ಸಣ್ಣ ಕೂದಲನ್ನು ಬಾಗಿಸುತ್ತವೆ. ಗಾರೆ ಕೆಲಸದವರ ರಸಮಟ್ಟ ಇದ್ದ ಹಾಗೆ.

ಈ ರಸಮಟ್ಟಕ್ಕೆ ಒಂದು ದೊಡ್ಡ ದೋಷ ಇದೆ. ಅರಬೈಲು ಘಾಟಿಯಲ್ಲಿ ಬಸ್ಸು ಬ್ರೇಕ್ ಹಾಕಿದಾಗ ಹರಳು ಮುಂದಕ್ಕೆ ಜಾರುತ್ತವೆ. ನೀವು ಸುಮ್ನೆ ತಲೆ ಮುಂದಕ್ಕೆ ಬಗ್ಗಿಸಿದರೂ ಮುಂದಕ್ಕೇ ಜಾರುತ್ತವೆ. ಹರಳಿಗೆ ಎರಡೂ ಒಂದೇ. ಆದರೆ ಕಣ್ಣು ಮಾಡಬೇಕಾದ ಕೆಲಸ ಬೇರೆ ಬೇರೆ. ಇಲ್ಲಿ ನಾಳ ಸಾಕ್ಷಿ ಹೇಳಬೇಕು. ತಲೆ ಬಗ್ಗಿದ್ದು ನಿಜ ಆದರೆ ನಾಳಕ್ಕೂ ತಿರುಗಿದ್ದು ಗೊತ್ತಾಗಿರಬೇಕು. ನಾಳ ಸುಮ್ಮನಿದೆ, ಹರಳು ಮಾತ್ರ ಜಾರಿದೆ ಅಂದರೆ ಬಗ್ಗಿಲ್ಲ, ಬ್ರೇಕ್ ಬಿದ್ದಿದೆ. ಮೆದುಳಿನ ಕಾಂಡ ಮತ್ತು ಕಿರುಮೆದುಳು ಈ ಲೆಕ್ಕವನ್ನು ನಾವು ಎಚ್ಚರ ಇರುವಷ್ಟು ಹೊತ್ತೂ ಮಾಡುತ್ತಲೇ ಇರುತ್ತವೆ. ಆದರೆ ಒಂದೇ ಸಮನೆ ವೇಗ ಏರುತ್ತಲೇ ಇದ್ದರೆ ಮೆದುಳು ಅದನ್ನು ವಾಲಿದ್ದು ಅಂತಲೇ ತಿಳಿಯುತ್ತದೆ. ಕತ್ತಲಲ್ಲಿ ಸಮುದ್ರದ ಮೇಲೆ ಹಾರುವ ಪೈಲಟ್‌ಗೆ ವಿಮಾನದ ಮೂತಿ ಮೇಲೆದ್ದ ಹಾಗೆ ಅನಿಸೋದು ಇದಕ್ಕೇ.

ನಿಮ್ಮ ಬೋಟಿನ ಏರಿಳಿತ ಹೇಳೋದು ಈ ಹರಳು. ಐದು ಸೆಕೆಂಡಿಗೆ ಒಂದು ಸಲದ ಹಾಗೆ ನಿಧಾನ ತೂಗಿದರೆ ಹೊಟ್ಟೆ ತೊಳಸೋದು ಜಾಸ್ತಿ. ಕ್ಯಾಬಿನ್ನಲ್ಲಿ ಕಣ್ಣು "ಏನೂ ಅಲುಗಿಲ್ಲ" ಅನ್ನುತ್ತದೆ, ಜಗಳ ಶುರು. ಕೂರ್ಮಗಡ ಕಂಡರೆ ಕಣ್ಣೂ ಕಿವಿಯ ಮಾತಿಗೆ ಹೂಂ ಅನ್ನುತ್ತದೆ. ಎರಡೂ ಕಿವಿಯ ಈ ಅಂಗ ಪೂರ್ತಿ ಹೋದವರಿಗೆ ಕಡಲಬೇನೆ ಬರೋದೇ ಇಲ್ಲ. ಆದರೆ ಅವರು ರಸ್ತೆಯಲ್ಲಿ ನಡೆಯುವಾಗ ಅಂಗಡಿ ಬೋರ್ಡು ಕುಣಿಯುತ್ತಿರುತ್ತದೆ, ಓದೋಕೆ ನಿಲ್ಲಬೇಕು.

ಇನ್ನೊಂದು ಹೇಳದೆ ಇರಲಾರೆ. ಅಡಿಕೆ ಕೊನೆ (ಗೊನೆ) ಕೊಯ್ಯುವ ನಮ್ಮ ಕೊನೆಗೌಡ ಒಂದು ಅಡಿಕೆ ಮರದಿಂದ ಜೋಲಿ ಹೊಡೆದು ಇನ್ನೊಂದು ಮರಕ್ಕೆ ಕೈ ಹಾಕುತ್ತಾನಲ್ಲ, ಅವನ ಕಣ್ಣು ಕೊನೆಯ ಮೇಲೆ. ತಲೆ ಅಡ್ಡಕ್ಕೆ ಸರಿದಾಗ ದೂರದ ಗುಡ್ಡ ನೋಡುತ್ತಿದ್ದರೆ ಕಣ್ಣು ಹೆಚ್ಚು ಹೊರಳಬೇಕಾಗಿಲ್ಲ. ಮಾರು ದೂರದ ಕೊನೆ ಆದರೆ ತುಂಬ ಹೊರಳಬೇಕು. ಹರಳಿನ ಸುದ್ದಿಗೆ ಎಷ್ಟು ಬೆಲೆ ಕೊಡಬೇಕು ಅನ್ನೋದು ನೋಡುವ ವಸ್ತು ಎಷ್ಟು ದೂರ ಅನ್ನೋದರ ಮೇಲೆ ಹೋಗುತ್ತದೆ. ತೂಗುವಾಗ ವಾಲುತ್ತಾನೆ ಕೂಡ, ಅದಕ್ಕೆ ನಾಳ ಬೇಕು. ಎರಡನ್ನೂ ಕೂಡಿಸಿ ಒಂದೇ ಹೊರಳಾಟ.

ಈಗ ಆಯಿಯ ವಿಷಯ. ಯೂಟ್ರಿಕಲ್‌ನ ಹರಳು ಕಳಚಿ ಪಕ್ಕದ ಹಿಂದಿನ ನಾಳಕ್ಕೆ ಬಿದ್ದಿತ್ತು. ನಾಳಕ್ಕೆ ಭೂಮಿಯ ಸೆಳೆತ ತಿಳಿಯಬಾರದು, ತಿರುಗೋದು ಮಾತ್ರ ತಿಳಿಯಬೇಕು. ಹರಳು ಬಿದ್ದರೆ ನಾಳವೂ ರಸಮಟ್ಟದ ಕೆಲಸಕ್ಕೆ ಇಳಿಯುತ್ತದೆ. ಮಲಗಿಸಿದಾಗ ಹರಳು ಉರುಳಿ ನೀರನ್ನು ಎಳೆಯಿತು, ತಲೆ ನಿಂತಿದ್ದರೂ ನಾಳ ತಿರುಗುತ್ತಿದೆ ಅಂತ ಸುಳ್ಳು ಹೇಳಿತು, ಕಣ್ಣು ನಂಬಿತು. ಆ ಎರಡು ಮೂರು ಸೆಕೆಂಡು ತಡ ಆದದ್ದು ಹರಳು ಉರುಳಲು ಶುರು ಮಾಡುವ ಹೊತ್ತು.

ದಿಗಿಣ_ಪ್ರಿಯ, ಹೊನ್ನಾವರ:

ಮಧ್ಯೆ ಬಾಯಿ ಹಾಕುತ್ತೇನೆ. ಯಕ್ಷಗಾನದಲ್ಲಿ ಮಂಡಿ ಹಾಕಿ ಸುತ್ತು ಹೊಡೆಯುತ್ತಾರಲ್ಲ, ಕಲಿಯುವಾಗ ನನಗೆ ನಿಂತ ಮೇಲೂ ರಂಗಸ್ಥಳ ತಿರುಗುತ್ತಿತ್ತು. ಅದೂ ಹರಳು ಬಿದ್ದದ್ದೇ?

ಕಿವಿಹಿಂಡಿ, ಕುಮಟಾ:

ಅಲ್ಲ, ಅದು ನೀರಿನ ಹಟ. ನೀವು ನಿಂತಿರಿ, ನೀರು ನಿಲ್ಲಲಿಲ್ಲ, ಪರದೆ ಉಲ್ಟಾ ಬಾಗಿತು. ಪರದೆ ಕೆಲವೇ ಸೆಕೆಂಡಿನಲ್ಲಿ ನೆಟ್ಟಗಾದರೂ ಮೆದುಳು ಆ ಸುದ್ದಿಯನ್ನು ಕೂಡಿಟ್ಟುಕೊಂಡು ಕಣ್ಣನ್ನು ಇನ್ನೂ ಸ್ವಲ್ಪ ಹೊತ್ತು ಓಡಿಸುತ್ತದೆ. ತಮಾಷೆ ಏನೆಂದರೆ ನಿಂತ ತಕ್ಷಣ ತಲೆ ಬಗ್ಗಿಸಿದರೆ ಆ ಓಟ ಬೇಗ ಅಡಗುತ್ತದೆ. ನೆಟ್ಟಗೆ ನಿಂತವನು ತಿರುಗುತ್ತಿದ್ದರೆ ಹರಳಿಗೆ ತಕರಾರಿಲ್ಲ. ಬಗ್ಗಿದ ತಲೆ ನಿಜಕ್ಕೂ ತಿರುಗುತ್ತಿದ್ದರೆ ಸೆಳೆತದ ದಿಕ್ಕು ಬದಲಾಗುತ್ತಲೇ ಇರಬೇಕಿತ್ತು, ಹರಳು "ಇಲ್ಲ, ಬದಲಾಗಿಲ್ಲ" ಅನ್ನುತ್ತದೆ, ಮೆದುಳು ಕೂಡಿಟ್ಟದ್ದನ್ನು ಚೆಲ್ಲುತ್ತದೆ. ಕೂತುಕೊಂಡು ಮಾಡಿ ನೋಡಿ, ಬಿದ್ದು ಹಲ್ಲು ಮುರಿದುಕೊಂಡು ನನ್ನ ಹೆಸರು ಹೇಳಬೇಡಿ.

ಘಟ್ಟದಮೇಲಿನವ, ಶಿರಸಿ:

ಆಯಿಗೆ ಓದಿ ಹೇಳಿದೆ. "ಸುಣ್ಣ ಡಬ್ಬಿಯಲ್ಲಿ ಇರಬೇಕಿತ್ತು, ಕಿವಿ ನಾಳಕ್ಕೆ ಯಾಕೆ ಹೋತು" ಅಂತ ಕವಳ ಹಾಕುತ್ತ ನಕ್ಕಳು. ಒಂದು ಪ್ರಶ್ನೆ: ಮತ್ತೆ ಬಂದರೆ ಯೂಟ್ಯೂಬ್ ನೋಡಿ ನಾನೇ ತಲೆ ತಿರುಗಿಸಬಹುದಾ?

ಕಿವಿಹಿಂಡಿ, ಕುಮಟಾ:

ಮತ್ತೆ ಬರೋದು ಉಂಟು. ಆದರೆ ಎಡಗಿವಿಯೋ ಬಲಗಿವಿಯೋ, ಯಾವ ನಾಳವೋ ನೋಡದೆ ತಿರುಗಿಸಬೇಡಿ, ಕುತ್ತಿಗೆ ನೋವಿದ್ದರಂತೂ ಬೇಡವೇ ಬೇಡ. ಡಾಕ್ಟರ ಹತ್ತಿರ ಒಮ್ಮೆ ಕಲಿತುಕೊಳ್ಳಿ. ಮಾತು ತೊದಲಿದರೆ, ಒಂದಕ್ಕೆ ಎರಡು ಕಂಡರೆ, ಕೈಕಾಲು ಸೋತರೆ ಅದು ಹರಳಲ್ಲ, ಆಗ ಇಲ್ಲಿ ಪೋಸ್ಟ್ ಹಾಕುತ್ತ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.