ಸಂವಾದ ಅಂತ ಕರೆದು ಭಾಷಣ ಕೇಳಿಸಿ ಕಳಿಸುತ್ತಿದ್ದೇವೆ, ಏನು ಮಾಡೋಣ?

ಹಾಸನದ ಓದುಗಿ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಾವು ಏಳೆಂಟು ಜನ ಸೇರಿ ತಿಂಗಳಿಗೊಂದು ಸಂವಾದ ನಡೆಸುತ್ತೇವೆ. ಒಂದು ತಿಂಗಳು ವಿಜ್ಞಾನದವರು, ಇನ್ನೊಂದು ತಿಂಗಳು ಸಾಹಿತ್ಯದವರು, ಮತ್ತೊಮ್ಮೆ ಹೊರದೇಶದ ವಿದ್ಯಮಾನ ಬಲ್ಲವರು. ಕೈಯಿಂದಲೇ ದುಡ್ಡು ಹಾಕಿ ಮಾಡೋದು. ಜನಕ್ಕೆ ಕಡಿಮೆ ಇಲ್ಲ, ನೂರು ಕುರ್ಚಿ ಹಾಕಿದರೆ ಎಂಬತ್ತು ತುಂಬುತ್ತವೆ.

ಹೋದ ತಿಂಗಳು ಹವಾಮಾನದ ಬಗ್ಗೆ ಮಾತಾಡೋಕೆ ಬೆಂಗಳೂರಿನಿಂದ ಒಬ್ಬರು ವಿಜ್ಞಾನಿ ಬಂದಿದ್ದರು. ಐದಕ್ಕೆ ಶುರು ಅಂತ ಹಾಕಿದ್ದೆವು. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಹಣ್ಣಿನ ಬುಟ್ಟಿ, ಪ್ರಾಸ್ತಾವಿಕ ನುಡಿ ಎಲ್ಲ ಮುಗಿಯುವಾಗ ಆರೂಕಾಲು. ಅವರು ಒಂದು ಗಂಟೆ ಚೆನ್ನಾಗಿಯೇ ಮಾತಾಡಿದರು. ಪ್ರಶ್ನೆಗೆ ಉಳಿದದ್ದು ಹತ್ತು ನಿಮಿಷ. ಮೊದಲು ಎದ್ದವರು ಮೈಕು ಹಿಡಿದು ತಮ್ಮ ಅಭಿಪ್ರಾಯವನ್ನೇ ಏಳು ನಿಮಿಷ ಹೇಳಿದರು.

ಮೂರನೇ ಸಾಲಿನಲ್ಲಿ ಅರಸೀಕೆರೆ ಕಡೆಯ ಒಬ್ಬಳು ಪಿಯುಸಿ ಹುಡುಗಿ ಕೂತಿದ್ದಳು. ನೋಟ್‌ಬುಕ್ಕಿನ ಹಾಳೆ ಹರಿದು ಅದರಲ್ಲಿ ಏನೋ ಬರೆದುಕೊಂಡಿದ್ದಳು. ಅದನ್ನು ಮಡಚೋದು, ಬಿಚ್ಚಿ ಓದಿಕೊಳ್ಳೋದು, ಮತ್ತೆ ಮಡಚೋದು. ಕೊನೆಗೆ ಬಸ್ಸಿಗೆ ಹೊತ್ತಾಯಿತು ಅಂತ ಎದ್ದಳು, ಹೋಗುವಾಗ ಚೀಟಿ ನನ್ನ ಕೈಗೆ ಕೊಟ್ಟಳು. "ಮಳೆ ಜೋರಾಗಿದೆ ಅಂತೀರಿ, ಹಾಗಾದರೆ ನಮ್ಮ ತೋಟದ ಬೋರ್‌ವೆಲ್ ಯಾಕೆ ಬತ್ತಿತು?" ಅಂತ ಇತ್ತು. ಆ ಸಂಜೆ ಕೇಳಬೇಕಾಗಿದ್ದ ಪ್ರಶ್ನೆ ಅದೇ. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಹಾಸನ, ಚಿಕ್ಕಮಗಳೂರು ಕಡೆ ಇಂಥ ಕಾರ್ಯಕ್ರಮ ನಡೆಸಿದವರು ಇದ್ದರೆ ಹೇಳಿ. ಬಂದವರು ನಿಜವಾಗಿ ಕೇಳುವ ಹಾಗೆ, ಅತಿಥಿ ನಿಜವಾಗಿ ಉತ್ತರ ಕೊಡುವ ಹಾಗೆ ಹೇಗೆ ಮಾಡೋದು?

ಕಾಫಿ ಕಣ, ಚಿಕ್ಕಮಗಳೂರು

ಮೇಡಂ, ನಾವು ಒಂದೇ ಸಲ ಮಾಡಿದ್ದು, ಆದರೆ ಅದು ಚೆನ್ನಾಗಿ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

2024ರಲ್ಲಿ ರೋಬಸ್ಟಾ ಕಾಫಿ ರೇಟು ಯಾರೂ ಕಾಣದಷ್ಟು ಏರಿತ್ತಲ್ಲ, ಆಗ. ಮಾರಬೇಕೋ ಇಟ್ಟುಕೊಳ್ಳಬೇಕೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪರಿಚಯದ ಒಬ್ಬರು ಅರ್ಥಶಾಸ್ತ್ರದ ಪ್ರೊಫೆಸರನ್ನು ಕರೆದೆವು. ಸ್ಟೇಜ್ ಇಲ್ಲ, ನಮ್ಮ ಕಣದಲ್ಲೇ ಸುತ್ತ ಕುರ್ಚಿ ಹಾಕಿದೆವು. ಒಂದು ವಾರ ಮುಂಚೆ ತೋಟದವರ ಹತ್ತಿರ ಪ್ರಶ್ನೆ ಬರೆಸಿ ಅವರಿಗೆ ಕಳಿಸಿದೆವು. ಅವತ್ತು ಭಾಷಣವೇ ಇಲ್ಲ. ಮೊದಲ ಮಾತೇ ನಮ್ಮ ಪಕ್ಕದ ತೋಟದ ಹಿರಿಯರದು: "ಬೆಳೆಯೋದು ಇಲ್ಲಿ, ರೋಬಸ್ಟಾಗೆ ರೇಟು ಕಟ್ಟೋದು ಲಂಡನ್ನಲ್ಲಿ, ಅರೇಬಿಕಾಗೆ ನ್ಯೂಯಾರ್ಕಲ್ಲಿ. ಇದು ಯಾಕೆ ಸ್ವಾಮಿ?"

ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ರೋಬಸ್ಟಾ ಜಾಸ್ತಿ ಬೆಳೆಯುವ ದೇಶ ವಿಯೆಟ್ನಾಂ, ಅಲ್ಲಿ ಬರ ಬಿದ್ದರೆ ಇಲ್ಲಿ ಮೂಟೆ ರೇಟು ಏರುತ್ತದೆ. ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟರೆ ಅರೇಬಿಕಾ ಕಥೆಯೂ ಅಷ್ಟೇ. ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ. ಯುರೋಪಿನವರು 2023ರಲ್ಲಿ ಒಂದು ಕಾನೂನು ಮಾಡಿದ್ದಾರೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವ ಹಾಗಿಲ್ಲ, ತೋಟ ಎಲ್ಲಿದೆ ಅನ್ನುವ ಲೆಕ್ಕ ಕೊಡಬೇಕು. ಜಾರಿಗೆ ತರೋದನ್ನು ಮುಂದೆ ಹಾಕಿದರು, ಆದರೆ ಕಾನೂನು ಇದೆ. ಇದನ್ನೆಲ್ಲ ಪೇಪರಲ್ಲಿ ಓದಿದ್ದೆವು, ನಮ್ಮ ತೋಟಕ್ಕೇ ತಗಲುವ ಮಾತು ಅಂತ ತಲೆಗೆ ಹೋದದ್ದು ಅವತ್ತು. ಸಂಜೆ ನಾಲ್ಕಕ್ಕೆ ಕೂತವರು ಕತ್ತಲಾದರೂ ಏಳಲಿಲ್ಲ.

ಪ್ರಪಂಚದ ವಿಚಾರ ಅಂತ ದೂರದಿಂದ ಶುರು ಮಾಡಿದರೆ ಜನ ಸುಮ್ನೆ ಕೇಳಿಸಿಕೊಂಡು ಹೋಗುತ್ತಾರೆ. ಅವರ ಪ್ರಶ್ನೆಯಿಂದಲೇ ಶುರು ಮಾಡಿ ನೋಡಿ.

ಬೇಲೂರಿನವ

ಶಾಲು ಹಾರ ಬೇಡವೇ ಬೇಡ ಅನ್ನಬೇಡಿ. ಅಷ್ಟು ದೂರದಿಂದ ಬಂದವರಿಗೆ ಮರ್ಯಾದೆ ಮಾಡೋದು ನಮ್ಮ ಕಡೆಯ ರೀತಿ, ಅಲ್ವಾ. ಕೊನೆಗೆ ಮಾಡಿ. ಎರಡು ನಿಮಿಷ ಸಾಕು.

ಫಿಸಿಕ್ಸ್ ಮೇಷ್ಟ್ರು

ನಾನು ನಿವೃತ್ತ. ಓದಿದ್ದು ಬೆಂಗಳೂರಲ್ಲಿ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದ್ದರು, ಬುಧವಾರ ಬಂದರೆ ವಿಜ್ಞಾನದ ಉಪನ್ಯಾಸ. ನಾನು ರೂಮಿನಿಂದ ನಡೆದುಕೊಂಡೇ ಹೋಗುತ್ತಿದ್ದೆ. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬಾರದು ಅನ್ನೋದು ಅವರು ಜೀವನ ಪೂರ್ತಿ ಹೇಳಿದ ಮಾತು. ವಾರ ವಾರ ತಪ್ಪದೆ ನಡೆದರೆ ಕೇಳುವವರಿಗೂ ಅಭ್ಯಾಸ ಬೀಳುತ್ತದೆ. ನೀವು ತಿಂಗಳಿಗೊಂದು ಮಾಡುತ್ತಿದ್ದೀರಿ, ಬಿಡಬೇಡಿ.

ಇನ್ನೊಂದು ಮಾತು. ಸಂವಾದದಲ್ಲಿ ಇಬ್ಬರೂ ಕೊನೆಗೆ ಒಪ್ಪಿಕೊಳ್ಳಲೇಬೇಕು ಅಂತಿಲ್ಲ. 1930ರ ಜುಲೈ 14ರಂದು ಟಾಗೋರರು ಬರ್ಲಿನ್ ಹತ್ತಿರದ ಕಾಪುಟ್‌ನಲ್ಲಿ ಐನ್‌ಸ್ಟೈನರ ಮನೆಗೆ ಹೋಗಿದ್ದರು. ಸತ್ಯ ಅನ್ನೋದು ಮನುಷ್ಯನನ್ನು ಬಿಟ್ಟು ಇರುತ್ತದೆಯೇ ಅನ್ನೋದೇ ಮಾತು. ಸೌಂದರ್ಯ ಮನುಷ್ಯನಿಂದ ಅನ್ನೋದನ್ನು ಐನ್‌ಸ್ಟೈನ್ ಒಪ್ಪಿದರು, ಸತ್ಯದ ವಿಷಯದಲ್ಲಿ ಒಪ್ಪಲಿಲ್ಲ. ಈ ಮನೆಯಲ್ಲಿ ಯಾರೂ ಇಲ್ಲದಿದ್ದರೂ ಆ ಮೇಜು ಅಲ್ಲೇ ಇರುತ್ತದಲ್ಲ ಅಂದರು. ಒಬ್ಬರ ಮನಸ್ಸಿನ ಹೊರಗೆ ಇರುತ್ತದೆ ನಿಜ, ಇಡೀ ವಿಶ್ವದ ಮನಸ್ಸಿನ ಹೊರಗೆ ಇರೋಲ್ಲ ಅಂತ ಟಾಗೋರರು. ಇಬ್ಬರೂ ಜಗ್ಗಲಿಲ್ಲ. ನಾನು ಇದನ್ನು ಕ್ಲಾಸಿನಲ್ಲಿ ಹೇಳುವಾಗಲೆಲ್ಲ ನನ್ನ ಮೇಜು ತಟ್ಟಿ ಹೇಳುತ್ತಿದ್ದೆ, ಹುಡುಗರು ಎರಡು ಗುಂಪಾಗಿ ಗಲಾಟೆ ಮಾಡುತ್ತಿದ್ದರು. ಗಂಟೆ ಹೊಡೆದದ್ದೂ ಗೊತ್ತಾಗುತ್ತಿರಲಿಲ್ಲ.

ಭಾಷೆಯ ಬಗ್ಗೆಯೂ ಹೇಳಬೇಕು. ಅತಿಥಿಗೆ ಕನ್ನಡ ಬಂದರೆ ಕನ್ನಡದಲ್ಲೇ ಮಾತಾಡಿಸಿ, ನಡುವೆ ಇಂಗ್ಲಿಷ್ ಪದ ಬಂದರೆ ಬರಲಿ. ನಮ್ಮ ಹಾಸನದಲ್ಲೇ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಇದೆ. ಅದರ ಮುಂದೆ ಓಡಾಡುವ ಎಷ್ಟು ಜನಕ್ಕೆ ಒಳಗೆ ಏನು ನಡೆಯುತ್ತದೆ ಅಂತ ಗೊತ್ತು? ಮನೆ ಮೇಲಿನ ಡಿಶ್ ಯಾಕೆ ಒಂದೇ ಕಡೆ ಮುಖ ಮಾಡಿರುತ್ತದೆ ಅಂತ ಮಕ್ಕಳ ಕೈಲಿ ಕೇಳಿಸಿ. ಅದು ಮುಖ ಮಾಡಿರುವ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲೆ, ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ತಾನೂ ಒಂದು ಸುತ್ತು ಬರುತ್ತದೆ, ಅದಕ್ಕೇ ನಮಗೆ ನಿಂತ ಹಾಗೆ ಕಾಣುತ್ತದೆ. ಸುಮ್ನೆ ಬಿಟ್ಟರೆ ಸೂರ್ಯ ಚಂದ್ರರ ಸೆಳೆತಕ್ಕೆ ಜಾಗ ಬಿಟ್ಟು ಸರಿಯುತ್ತದೆ, ಆಗಾಗ ಸರಿಪಡಿಸುತ್ತಿರಬೇಕು. ಆ ಕೆಲಸ ಇಲ್ಲೇ ನಡೆಯೋದು. ಇದನ್ನು ಹೇಳೋಕೆ ಕನ್ನಡ ಸಾಲದೇ?

ಸಕಲೇಶಪುರ

ಸಾಹಿತ್ಯದ ತಿಂಗಳಿಗೆ ನನ್ನದೊಂದು ಸಲಹೆ. ಲೇಖಕರ ಜೊತೆ ಅನುವಾದಕರನ್ನೂ ಕೂರಿಸಿ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು. ಕನ್ನಡಕ್ಕೆ ಅದು ಮೊದಲನೆಯದು, ಸಣ್ಣಕಥೆಗಳ ಸಂಕಲನಕ್ಕೂ ಮೊದಲನೆಯದು. ಆ ಬಹುಮಾನದ 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸರಿ ಅರ್ಧ. ಇಂಗ್ಲಿಷಿಗೆ ಅನುವಾದಿಸಿದ ದೀಪಾ ಭಾಸ್ತಿ ಅವರಿಗೂ ಅಷ್ಟೇ ಬಂತು. ಒಂದು ಮಾತನ್ನು ಇನ್ನೊಂದು ಭಾಷೆಗೆ ದಾಟಿಸುವಾಗ ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಕೇಳಿ ನೋಡಿ, ನಮ್ಮ ಮಾತಿನ ಬಗ್ಗೆ ನಮಗೇ ಗೊತ್ತಿಲ್ಲದ ಎಷ್ಟೋ ಹೊರಗೆ ಬರುತ್ತದೆ.

ಮೈಕು ಹಿಡಿದು ಬಿಡದವರ ವಿಷಯ. ಮೈಕು ಅವರ ಕೈಗೆ ಕೊಡಲೇಬೇಡಿ. ನಿಮ್ಮವರೇ ಒಬ್ಬರು ಹಿಡಿದುಕೊಂಡು ಹೋಗಿ ನಿಲ್ಲಲಿ.

ತೆಂಗಿನ ತೋಟ, ಅರಸೀಕೆರೆ

ಆ ಹುಡುಗಿ ನಮ್ಮೂರ ಕಡೆಯವಳು ಅಂತ ಓದಿ ಬರೆಯುತ್ತಿದ್ದೇನೆ. ಅದು ನಮ್ಮೆಲ್ಲರ ಪ್ರಶ್ನೆ. ಒಂದೇ ಜಿಲ್ಲೆ, ಸಕಲೇಶಪುರದಲ್ಲಿ ಮಳೆ ಸುರಿದು ರಸ್ತೆ ಕುಸಿಯುತ್ತದೆ, ನಮ್ಮಲ್ಲಿ ಮೋಡ ನೋಡಿಕೊಂಡು ಕೂರಬೇಕು.

ನನಗೆ ತಿಳಿದಷ್ಟು ಹೇಳುತ್ತೇನೆ. ಒಂದೇ ತಾಸಿನಲ್ಲಿ ಧೋ ಅಂತ ಸುರಿದ ಮಳೆ ನೆಲದೊಳಗೆ ಇಳಿಯೋಲ್ಲ, ಮೇಲಿಂದ ಮೇಲೆ ಹರಿದು ಹೋಗುತ್ತದೆ. ಜಡಿ ಮಳೆ ಹಿಡಿದರೆ ಮಾತ್ರ ಇಳಿಯೋದು. ಹರಿದ ನೀರನ್ನು ಹಿಡಿದಿಡೋದು ಕೆರೆ, ಅದರಲ್ಲಿ ಹೂಳು. ಕೆಳಗೆ ಇರೋದು ಗಟ್ಟಿ ಬಂಡೆ, ಬಂಡೆಯ ಬಿರುಕಿನಲ್ಲಿ ಎಷ್ಟಿದೆಯೋ ಅಷ್ಟೇ ನೀರು. ಎಲ್ಲರೂ ಬೋರು ಕೊರೆಸಿ ಎತ್ತಿದರೆ ಎಷ್ಟು ದಿನ ಬರುತ್ತದೆ? ನಮ್ಮದೇ ತೋಟದಲ್ಲಿ ಎರಡು ಬೋರು ಬತ್ತಿದವು, ಮೂರನೆಯದರಲ್ಲಿ ಧೂಳು ಬಂತು. ಬಿಳಿ ಧೂಳು, ಗರಿ ಮೇಲೆಲ್ಲ ಕೂತಿತ್ತು. ನಮ್ಮಪ್ಪ ಮಾತೇ ಆಡಲಿಲ್ಲ, ಒಳಗೆ ಹೋಗಿ ಮಲಗಿದರು.

ಮೇಡಂ, ಈ ವಿಷಯ ಬಲ್ಲವರನ್ನು ಕರೆಸಿ. ನಾವು ಒಂದು ವ್ಯಾನು ಮಾಡಿಕೊಂಡು ಬರುತ್ತೇವೆ.

ಹಾಸನದ ಓದುಗಿ

ಎಲ್ಲರಿಗೂ ವಂದನೆ. ನಿಮ್ಮ ಮಾತನ್ನೆಲ್ಲ ನಮ್ಮವರಿಗೆ ಓದಿ ಹೇಳಿದೆ. ಮುಂದಿನ ಸಲ ಶನಿವಾರ ಮಧ್ಯಾಹ್ನ ಎರಡಕ್ಕೇ ಶುರು ಮಾಡುತ್ತೇವೆ, ಬಸ್ಸಿಗೆ ಹೋಗುವವರಿಗೆ ತೊಂದರೆ ಆಗಬಾರದು. ವಿಷಯ ಅಂತರ್ಜಲ. ಮೊದಲ ಪ್ರಶ್ನೆ ಆ ಹುಡುಗಿಯದೇ, ಚೀಟಿ ನನ್ನ ಹತ್ತಿರ ಜೋಪಾನವಾಗಿದೆ. ಅವಳ ಲೆಕ್ಚರರ್ ಮೂಲಕ ಹೇಳಿ ಕಳಿಸಿದ್ದೇನೆ, ಬರುತ್ತೇನೆ ಅಂದಿದ್ದಾಳಂತೆ. ಶಾಲು ಕೊನೆಗೆ.

ಅರಸೀಕೆರೆ ಅಣ್ಣ, ವ್ಯಾನಿನಲ್ಲಿ ಎಷ್ಟು ಜನ ಬರುತ್ತೀರಿ ಅಂತ ಮುಂಚೆ ತಿಳಿಸಿ, ಊಟಕ್ಕೆ ಹೇಳಬೇಕು. ನಿಮ್ಮ ಮೂರು ಬೋರಿನ ಆಳ, ಕೊರೆಸಿದ ವರ್ಷ ಬರೆದುಕೊಂಡು ಬನ್ನಿ. ಮೇಷ್ಟ್ರೇ, ನೀವು ಮಾತು ನಡೆಸಿಕೊಡಬೇಕು, ಇಲ್ಲ ಅನ್ನಬೇಡಿ. ಇನ್ನು ಅಂತರ್ಜಲದ ಬಗ್ಗೆ ಕನ್ನಡದಲ್ಲಿ ಬಿಡಿಸಿ ಹೇಳುವವರು ಯಾರಾದರೂ ನಿಮಗೆ ಗೊತ್ತಾ? ಗೊತ್ತಿದ್ದವರು ದಯವಿಟ್ಟು ಮೆಸೇಜ್ ಮಾಡಿ.